ವಿಪಿಪಿ ಸ್ಟಾರ್‌ಗೆ ಅರ್ಜಿ: 64 ಜನರ ಪ್ರೆಸ್ ಶಾಪ್‌ಗೆ ಆಗುವ ಮಾತಾ?

ಸ್ಟ್ಯಾಂಪಿಂಗ್_ಒಹಾಯೋ
ಒಹಾಯೋದಲ್ಲಿ ಶೀಟ್ ಮೆಟಲ್ ಸ್ಟ್ಯಾಂಪಿಂಗ್ ಘಟಕ. ಕಾಯಂ ನೌಕರರು 64, ಆರ್ಡರ್ ಜಾಸ್ತಿ ಇದ್ದಾಗ ಏಜೆನ್ಸಿಯಿಂದ 10–15 ಜನ ಬರ್ತಾರೆ. ಓಶಾ (ಅಮೆರಿಕದ ಕೆಲಸದ ಸುರಕ್ಷತಾ ಸಂಸ್ಥೆ) ಒಳ್ಳೆ ಸುರಕ್ಷತೆ ಇರುವ ಘಟಕಗಳಿಗೆ ಮಾನ್ಯತೆ ಕೊಡುವ ವಾಲಂಟರಿ ಪ್ರೊಟೆಕ್ಷನ್ ಪ್ರೋಗ್ರಾಮ್‌ಗೆ (ವಿಪಿಪಿ) ಅರ್ಜಿ ಹಾಕಿ, ನೇರ ಅದರ ಮೇಲಿನ ಹಂತ ಸ್ಟಾರ್‌ಗೇ ಹೋಗೋಣ ಅಂತ ಮ್ಯಾನೇಜ್‌ಮೆಂಟ್ ಪಟ್ಟು. ಕಳೆದ 3 ವರ್ಷದ ಒಟ್ಟು ಗಂಟೆ 3,80,000, ರೆಕಾರ್ಡಬಲ್ ಕೇಸ್ (ಓಶಾ ನಿಯಮದಂತೆ ದಾಖಲಿಸಲೇಬೇಕಾದ ಗಾಯ, ಕಾಯಿಲೆ) 6. ಹೋದ ವರ್ಷದ ಗಂಟೆ 1,28,000. ಈ ಲೆಕ್ಕಕ್ಕೆ ಅರ್ಹತೆ ಇದೆಯಾ? ನಾವೇ ಕರೆದ ಓಶಾ ಪರಿಶೀಲನಾ ತಂಡ ತಪ್ಪು ಕಂಡರೆ ದಂಡ ಹಾಕ್ತಾರಾ? ಯೂನಿಯನ್ ಇದೆ, ಅವರನ್ನು ಯಾವಾಗ ಸೇರಿಸಿಕೊಳ್ಳಬೇಕು?

ಲಾಗ್300
ಮೊದಲು ನಿಮ್ಮ 1,28,000. ಅದು ಸರಿಯಾಗಿ 64 × 2,000. ಅಂದರೆ ಯಾರೋ ತಲೆ ಎಣಿಸಿ ಗುಣಿಸಿದ್ದಾರೆ. ಬೇಕಿರುವುದು ನಿಜವಾಗಿ ದುಡಿದ ಗಂಟೆ: ಓವರ್‌ಟೈಮ್ ಸೇರಬೇಕು, ರಜೆ, ಹಬ್ಬ, ಸಿಕ್ ಲೀವ್ ಸಂಬಳ ಸಹಿತವಾದರೂ ಬಿಡಬೇಕು. ಏಜೆನ್ಸಿಯವರಿಗೆ ದಿನದ ಕೆಲಸ ಹೇಳುವುದು ನಿಮ್ಮ ಸೂಪರ್‌ವೈಸರ್ ಆದರೆ ಅವರ ಗಂಟೆಯೂ ನಿಮ್ಮದೇ, ಗಾಯವೂ ನಿಮ್ಮ 300 ಲಾಗ್‌ನಲ್ಲೇ (ಓಶಾದ ಗಾಯದ ದಾಖಲೆ ಪುಸ್ತಕ) ಬರಬೇಕು. ತಂಡ ಬಂದಾಗ ಲಾಗ್, ಫಸ್ಟ್ ಏಡ್ ರಿಜಿಸ್ಟರ್, ವರ್ಕರ್ಸ್ ಕಾಂಪ್ (ಕೆಲಸದ ಗಾಯದ ಪರಿಹಾರ) ಕ್ಲೇಮು ಎಲ್ಲ ಪಕ್ಕಪಕ್ಕ ಇಟ್ಟು ತಾಳೆ ನೋಡುತ್ತದೆ. ಏಜೆನ್ಸಿ ಕೇಸ್ ಬಿಟ್ಟುಹೋಗಿದ್ದರೆ ಸಿಕ್ಕಿಬೀಳುವುದು ಇಲ್ಲೇ.

ಸದ್ಯಕ್ಕೆ ನೀವು ಕೊಟ್ಟ ಅಂಕಿಗೇ: 6 × 2,00,000 ÷ 3,80,000 = 3.16. ಇದು ಟಿಸಿಐಆರ್, ಅಂದರೆ 100 ಜನ ವರ್ಷವಿಡೀ ದುಡಿದರೆ (2,00,000 ಗಂಟೆ) ಎಷ್ಟು ರೆಕಾರ್ಡಬಲ್ ಕೇಸ್ ಅನ್ನುವ ದರ. ಮೂರು ವರ್ಷದ ಕೇಸು, ಗಂಟೆ ಎರಡನ್ನೂ ಕೂಡಿ ಒಂದೇ ಸಲ ಭಾಗಿಸಬೇಕು. ಪ್ರತಿ ವರ್ಷದ ದರ ತೆಗೆದು ಸರಾಸರಿ ಮಾಡಿದರೆ ಉತ್ತರ ಬೇರೆ ಬರುತ್ತದೆ. ಗಾಯದಿಂದ ರಜೆ, ರಿಸ್ಟ್ರಿಕ್ಷನ್ (ಕೆಲಸಕ್ಕೆ ನಿರ್ಬಂಧ), ಬೇರೆ ಕೆಲಸಕ್ಕೆ ವರ್ಗ ಆದ ಕೇಸುಗಳಷ್ಟಕ್ಕೇ ಇದೇ ಲೆಕ್ಕ ಮಾಡಿದರೆ ಡಾರ್ಟ್. ಬಿಎಲ್‌ಎಸ್ (ಅಮೆರಿಕದ ಕಾರ್ಮಿಕ ಅಂಕಿಅಂಶ ಸಂಸ್ಥೆ) ಪ್ರಕಟಿಸಿದ ಇತ್ತೀಚಿನ 3 ವರ್ಷಗಳಲ್ಲಿ ಕನಿಷ್ಠ ಒಂದು ವರ್ಷದ, ನಿಮ್ಮ ಉದ್ಯಮ ಕೋಡಿನ ರಾಷ್ಟ್ರೀಯ ಸರಾಸರಿಗಿಂತ ಎರಡೂ ಕೆಳಗಿರಬೇಕು. ಒಂದು ಕೇಸ್ ಕಡಿಮೆ ಇದ್ದಿದ್ದರೆ ನಿಮ್ಮ ದರ 2.63. ಸಣ್ಣ ಘಟಕದಲ್ಲಿ ಒಂದು ಬೆರಳು ಕುಯ್ದರೂ ದರ ಅರ್ಧ ಅಂಕ ಜಿಗಿಯುತ್ತದೆ.

ಅದಕ್ಕೇ ಸಣ್ಣವರಿಗೆ ಒಂದು ಬಾಗಿಲು ಇದೆ. ಹೋದ ವರ್ಷ 2 ಕೇಸ್ ಆಗಿದ್ದವು ಅಂತ ಊಹಿಸಿಕೊಳ್ಳಿ: 2 × 2,00,000 ÷ 1,28,000 = 3.13. ಈ ಊಹೆಯ ದರ ಆ ಮೂರು ವರ್ಷಗಳಲ್ಲಿ ಯಾವುದಾದರೂ ಒಂದರ ರಾಷ್ಟ್ರೀಯ ಸರಾಸರಿಗೆ ಸಮ ಅಥವಾ ಹೆಚ್ಚಿದ್ದರೆ, ಕಳೆದ 4 ವರ್ಷಗಳಲ್ಲಿ ಒಳ್ಳೆಯ 3 ಆರಿಸಿಕೊಳ್ಳಬಹುದು. ನಾಲ್ಕನೇ ವರ್ಷದ ಲಾಗ್ ಹುಡುಕಿಡಿ.

90ದಿನ
ದಂಡದ ಪ್ರಶ್ನೆಗೆ: ನೀವು ಸರಿಮಾಡುತ್ತಿದ್ದರೆ, ವಿಪಿಪಿ ತಂಡ ಕಂಡದ್ದಕ್ಕೆ ಸೈಟೇಶನ್ (ಉಲ್ಲಂಘನೆ ನೋಟಿಸ್) ಬರೆಯುವುದಿಲ್ಲ. ತಂಡ ಇರುವಾಗಲೇ ಮುಗಿಸಲು ಆಗದವನ್ನು "90 ದಿನದ ಐಟಂ" ಅಂತ ಪಟ್ಟಿ ಮಾಡುತ್ತಾರೆ. ಅವು ಮುಗಿಯದೆ ಶಿಫಾರಸು ಮುಂದೆ ಹೋಗದು. ಗಂಭೀರ ಅಪಾಯವನ್ನು ಸರಿಪಡಿಸಲ್ಲ ಅಂತ ಕೂತರೆ ಮಾತ್ರ ಕಡತ ಎನ್‌ಫೋರ್ಸ್‌ಮೆಂಟ್ ಕಡೆ ಹೋಗುತ್ತದೆ. ತಂಡದಲ್ಲಿ ಓಶಾದವರ ಜೊತೆ ಬೇರೆ ವಿಪಿಪಿ ಘಟಕಗಳಿಂದ ಬಂದ, ತರಬೇತಿ ಪಡೆದ ಎಸ್‌ಜಿಇಗಳೂ (ಓಶಾ ಪರವಾಗಿ ಪರಿಶೀಲಿಸುವ ಸ್ವಯಂಸೇವಕರು) ಇರಬಹುದು. ಅವರು ಮಷೀನ್ ಬಲ್ಲವರು, ಪವರ್‌ಪಾಯಿಂಟಿಗೆ ಮರುಳಾಗುವವರಲ್ಲ.

ಯೂನಿಯನ್ ಅನ್ನು ಅರ್ಜಿಗೆ ಮೊದಲೇ ಕೂರಿಸಿಕೊಳ್ಳಿ. ಬೆಂಬಲ ಇದೆ ಅಥವಾ ಆಕ್ಷೇಪ ಇಲ್ಲ ಅಂತ ಅವರ ಸಹಿ ಇಲ್ಲದೆ ಅರ್ಜಿ ನಿಲ್ಲುವುದಿಲ್ಲ. ಕೊನೇ ವಾರ ಕಾಗದ ಹಿಡಿದು ಹೋದರೆ ಅವರು ಸಹಿ ಹಾಕದಿರುವುದೇ ನ್ಯಾಯ.

ಸಿಗುವುದೇನು ಅಂತ ಮ್ಯಾನೇಜ್‌ಮೆಂಟಿಗೆ ಸ್ಪಷ್ಟ ಹೇಳಿಬಿಡಿ. ಯೋಜಿತ ತಪಾಸಣೆ ಪಟ್ಟಿಯಿಂದ ಹೆಸರು ತೆಗೆಯುತ್ತಾರೆ, ಅಷ್ಟೇ. ದೂರು ಬಂದರೆ, ಸಾವಾದರೆ ಇನ್‌ಸ್ಪೆಕ್ಟರ್ ಬಂದೇ ಬರುತ್ತಾರೆ. ಸಾವಿಗೆ 8 ಗಂಟೆ, ಆಸ್ಪತ್ರೆ ದಾಖಲು, ಅಂಗಚ್ಛೇದ ಅಥವಾ ಕಣ್ಣು ಹೋದರೆ 24 ಗಂಟೆಯೊಳಗೆ ವರದಿ ಮಾಡುವ ನಿಯಮವೂ ಹಾಗೇ ಇರುತ್ತದೆ. ಪ್ರತಿ ವರ್ಷ ಫೆಬ್ರುವರಿ 15ರೊಳಗೆ ಸ್ವಯಂ ಮೌಲ್ಯಮಾಪನ ಕಳಿಸಬೇಕು. ಯಾವುದೇ ತ್ರೈಮಾಸಿಕದಲ್ಲಿ 1,000 ಗಂಟೆ ಅಥವಾ ಹೆಚ್ಚು ದುಡಿದ ಕಾಂಟ್ರಾಕ್ಟರ್ ಇದ್ದರೆ ಅವರ ಅಂಕಿಯನ್ನೂ ಸೇರಿಸಬೇಕು.

ಶಾರ್ಪ್_ಮೊದಲು
ನನ್ನ ಅಭಿಪ್ರಾಯ ಸ್ವಲ್ಪ ಬೇರೆ. 64 ಜನರ ಘಟಕ ನೇರ ಸ್ಟಾರ್‌ಗೆ ಹಾರುವುದು ಬೇಡ. ಜಾಗದಲ್ಲಿ 250ರೊಳಗೆ, ಕಂಪನಿಯಲ್ಲಿ ಒಟ್ಟು 500ರೊಳಗೆ ನೌಕರರಿದ್ದರೆ ಆನ್‌ಸೈಟ್ ಕನ್ಸಲ್ಟೇಶನ್ (ಸಲಹೆಗಾರರು ಘಟಕಕ್ಕೇ ಬಂದು ಅಪಾಯ ಗುರುತಿಸಿಕೊಡುವ ಓಶಾ ಸೇವೆ) ಉಚಿತ, ಗೋಪ್ಯ, ಸೈಟೇಶನ್ ಇಲ್ಲ. ಷರತ್ತು ಎರಡೇ: ಕಂಡ ಗಂಭೀರ ಅಪಾಯಗಳನ್ನು ಒಪ್ಪಿದ ಗಡುವಿನೊಳಗೆ ಸರಿಮಾಡುವುದು, ಆ ಪಟ್ಟಿಯನ್ನು ನೌಕರರಿಗೆ ಕಾಣುವಂತೆ ಅಂಟಿಸುವುದು. ಅದೇ ದಾರಿಯಲ್ಲಿ ಮುಂದುವರಿದರೆ ಶಾರ್ಪ್ ಅನ್ನುವ, ಸಣ್ಣ ಘಟಕಗಳ ಮಾನ್ಯತೆ ಸಿಗುತ್ತದೆ, ಅದರಲ್ಲೂ ಯೋಜಿತ ತಪಾಸಣೆಯಿಂದ ವಿನಾಯಿತಿ ಇದೆ. ವಿಪಿಪಿಯಲ್ಲೇ ಇರಬೇಕೆಂದರೆ ಸ್ಟಾರ್‌ಗಿಂತ ಕೆಳಗಿನ ಮೆರಿಟ್ ಹಂತ ಇದೆ, ಗರಿಷ್ಠ 3 ವರ್ಷ. ಅಲಯನ್ಸ್ ಅನ್ನುವ 2002ರ ಓಶಾ ಸಹಯೋಗ ಕಾರ್ಯಕ್ರಮದ ಹೆಸರೂ ಯಾರಾದರೂ ಎತ್ತಬಹುದು. ಅದರಲ್ಲಿ ತಪಾಸಣೆ ವಿನಾಯಿತಿ ಇಲ್ಲ.

ಪಕ್ಕದ ಮಿಷಿಗನ್‌ನಲ್ಲಿ ನಿಮ್ಮ ಇನ್ನೊಂದು ಘಟಕ ಇದ್ದರೆ ಅಲ್ಲಿಯ ಅರ್ಜಿ ಬೇರೆ, ಅಲ್ಲಿ ಕೆಲಸದ ಸುರಕ್ಷತೆ ನೋಡಿಕೊಳ್ಳುವುದು ರಾಜ್ಯದ್ದೇ ಯೋಜನೆ. ಒಹಾಯೋದ ಖಾಸಗಿ ಘಟಕಗಳು ಫೆಡರಲ್ ಓಶಾ ಅಡಿಯಲ್ಲಿ.

ಸ್ಟ್ಯಾಂಪಿಂಗ್_ಒಹಾಯೋ
ಥ್ಯಾಂಕ್ಸ್. ಗಂಟೆ ಲೆಕ್ಕ ಎಚ್‌ಆರ್ ಕಡೆಯಿಂದ ಬಂದದ್ದು, ಪೇರೋಲ್‌ನಿಂದ ಮತ್ತೆ ತೆಗೆಸ್ತೇನೆ. ಇನ್ನೊಂದು: ತಿಂಗಳಿಡೀ ರೆಕಾರ್ಡಬಲ್ ಇಲ್ಲದಿದ್ದರೆ ಶಿಫ್ಟಿಗೆಲ್ಲ 50 ಡಾಲರ್ ಗಿಫ್ಟ್ ಕಾರ್ಡ್ ಕೊಡ್ತೇವೆ. ಅರ್ಜಿಯಲ್ಲಿ ಇದು ಪ್ಲಸ್ ಪಾಯಿಂಟಾ?

ಲಾಗ್300
ಮೈನಸ್. ಕೈಗೆ ಏಟಾದವನು ಬಾಯಿಬಿಟ್ಟರೆ ಇಡೀ ಶಿಫ್ಟಿನ 50 ಡಾಲರ್ ಹೋಗುತ್ತದೆ, ಹಾಗಾಗಿ ಬಾಯಿಬಿಡುವುದಿಲ್ಲ. ತಂಡ ಸಂದರ್ಶನದಲ್ಲಿ ಇದನ್ನೇ ಕೆದಕುತ್ತದೆ. 2009ರಲ್ಲಿ ಜಿಎಒ (ಅಮೆರಿಕ ಸಂಸತ್ತಿನ ಲೆಕ್ಕಪರಿಶೋಧನಾ ಸಂಸ್ಥೆ) ವರದಿಯೇ ವಿಪಿಪಿಯ ಮೇಲ್ವಿಚಾರಣೆ ಸಡಿಲ ಎಂದು ಟೀಕಿಸಿತ್ತು. ಸಾವಾದ ಘಟಕಗಳೂ ಪಟ್ಟಿಯಲ್ಲೇ ಉಳಿದಿದ್ದವು. ಬಹುಮಾನ ಕೊಡಲೇಬೇಕೆಂದರೆ ಅಪಾಯ ತೋರಿಸಿದವರಿಗೆ, ನಿಯರ್ ಮಿಸ್ (ಕೂದಲೆಳೆಯಲ್ಲಿ ತಪ್ಪಿದ ಅಪಘಾತ) ಬರೆದವರಿಗೆ ಕೊಡಿ.

ರೆಕಾರ್ಡಬಲ್ ಯಾವುದು ಅನ್ನುವ ಗಡಿಯನ್ನು ಸೂಪರ್‌ವೈಸರ್‌ಗಳಿಗೆ ಕಲಿಸಿ. ಸ್ಟೆರಿ-ಸ್ಟ್ರಿಪ್ (ಗಾಯ ಮುಚ್ಚುವ ಅಂಟುಪಟ್ಟಿ) ಫಸ್ಟ್ ಏಡ್, ಹೊಲಿಗೆ ರೆಕಾರ್ಡಬಲ್. ಎಲಾಸ್ಟಿಕ್ ಬ್ಯಾಂಡೇಜ್ ಫಸ್ಟ್ ಏಡ್, ಗಟ್ಟಿ ಪಟ್ಟಿ ಇರುವ ಸ್ಪ್ಲಿಂಟ್ ಅಲ್ಲ. ಐಬುಪ್ರೊಫೆನ್ 200 ಎಂಜಿ ಮಾತ್ರೆ ಎರಡು ಓಕೆ. ಡಾಕ್ಟರ್ ಒಮ್ಮೆಗೇ ಮೂರು ತಗೊಳ್ಳಿ ಅಂದರೆ 600 ಎಂಜಿ, ಓಶಾದ 467 ಎಂಜಿ ಮಿತಿ ದಾಟಿತು, ಅಂಗಡಿ ಮಾತ್ರೆಯೇ ಆದರೂ ಲಾಗ್‌ಗೆ ಬರುತ್ತದೆ.

90ದಿನ
ಪ್ರೆಸ್ ಶಾಪ್ ಅಂದಿರಿ ಅಂತ ಒಂದು ಮಾತು. ಕಾಗದ ಎಷ್ಟೇ ಚೆನ್ನಾಗಿದ್ದರೂ ನೆಲದ ಮೇಲೆ ಸಿಕ್ಕಿಬೀಳುವುದು ಲೈಟ್ ಕರ್ಟನ್ (ಕೈ ಅಡ್ಡ ಬಂದರೆ ಪ್ರೆಸ್ ನಿಲ್ಲಿಸುವ ಬೆಳಕಿನ ಪರದೆ) ಡೈಯಿಂದ ಇರುವ ದೂರದಲ್ಲಿ. ಮೆಕ್ಯಾನಿಕಲ್ ಪ್ರೆಸ್‌ಗೆ ಸುರಕ್ಷಿತ ದೂರ = ಸೆಕೆಂಡಿಗೆ 63 ಇಂಚು × ನಿಲ್ಲುವ ಸಮಯ. 0.20 ಸೆಕೆಂಡಿಗೆ 12.6 ಇಂಚು. ಬ್ರೇಕ್ ಲೈನಿಂಗ್ ಸವೆದು ಅದು 0.26 ಆಯಿತೆನ್ನಿ, 16.4 ಇಂಚು ಬೇಕು. ಕರ್ಟನ್ ಮಾತ್ರ ಹಳೇ 13 ಇಂಚಿನಲ್ಲೇ ಇರುತ್ತದೆ. ಬೆಳಕು ಕಡಿದ ಕೂಡಲೇ ಪ್ರೆಸ್ ನಿಲ್ಲುವುದು ಕಣ್ಣಿಗೆ ಸರಿಯಾಗಿಯೇ ಕಾಣುತ್ತದೆ, ಆದರೆ ಕೈ ಅದಕ್ಕಿಂತ ಮೊದಲು ಡೈ ತಲುಪಿರುತ್ತದೆ. ಸ್ಟಾಪ್ ಟೈಮ್ ಮೀಟರ್ ಹಾಕಿ, ಕ್ರ್ಯಾಂಕ್ ಸುಮಾರು 90 ಡಿಗ್ರಿಯಲ್ಲಿರುವಾಗ ಅಳೆಯಿರಿ. ಬ್ರೇಕ್ ಮಾನಿಟರ್ ಸೆಟ್ಟಿಂಗ್‌ನಲ್ಲಿ ಸವೆತಕ್ಕೆ ಬಿಟ್ಟ ಅವಧಿಯನ್ನೂ ಕೂಡಿಸಿ ದೂರ ಹಾಕಿ. ಕ್ಲಚ್, ಬ್ರೇಕ್, ಆಂಟಿ-ರಿಪೀಟ್ (ಪ್ರೆಸ್ ತಾನಾಗಿ ಎರಡನೇ ಸಲ ಬಡಿಯದಂತೆ ತಡೆಯುವ ವ್ಯವಸ್ಥೆ) ವಾರಕ್ಕೊಮ್ಮೆ ಪರೀಕ್ಷೆ ಆಗಬೇಕು, ಮತ್ತು ಅದನ್ನು ಯಾರು ಮಾಡುತ್ತಾರೆ ಅಂತ ಆಪರೇಟರ್‌ಗೆ ಗೊತ್ತಿರಬೇಕು. ತಂಡ ಕೇಳುವುದು ಅವನನ್ನು.

ಲಾಕ್‌ಔಟ್ (ರಿಪೇರಿಗೆ ಮುನ್ನ ಯಂತ್ರದ ಶಕ್ತಿ ಕಡಿದು ಬೀಗ ಹಾಕುವ ವಿಧಾನ) ವಾರ್ಷಿಕ ಪರಿಶೀಲನೆಯನ್ನು ಆ ವಿಧಾನ ಬಳಸುತ್ತಿರುವವರೇ ಮಾಡಿ ಸಹಿ ಹಾಕಿದ್ದರೆ ಅದು ಲೆಕ್ಕಕ್ಕಿಲ್ಲ. ಬೇರೊಬ್ಬ ಅಧಿಕೃತ ನೌಕರನಿಂದ ಈಗಲೇ ಮತ್ತೆ ಮಾಡಿಸಿ, ಪ್ರೆಸ್‌ಗೊಂದರಂತೆ.