ಎಲೆಕ್ಟ್ರಾನ್‌'ಸ್ನೇಹಿ'ಯೋ, ಎಲೆಕ್ಟ್ರಾನ್‌'ಪ್ರಿಯ'ವೋ?

ಪದಬಲ್ಲವರಿಗೆ ನಮಸ್ಕಾರ.

ಪಿಯುಸಿ ಮಕ್ಕಳಿಗಾಗಿ ಸಾವಯವ ರಸಾಯನಶಾಸ್ತ್ರದ ಟಿಪ್ಪಣಿಯನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ಎಲೆಕ್ಟ್ರೋಫೈಲ್, ನ್ಯೂಕ್ಲಿಯೋಫೈಲ್ ಎಂಬ ಜೋಡಿಯ ಹತ್ತಿರ ಬಂದು ನಿಂತುಬಿಟ್ಟಿದ್ದೇನೆ. ರಾಸಾಯನಿಕ ಕ್ರಿಯೆಯಲ್ಲಿ ಎಲೆಕ್ಟ್ರಾನ್ ಜೋಡಿಯನ್ನು ಪಡೆಯುವ ಅಣು ಅಥವಾ ಅಯಾನು ಎಲೆಕ್ಟ್ರೋಫೈಲ್, ಅದನ್ನು ಕೊಡುವಂಥದ್ದು ನ್ಯೂಕ್ಲಿಯೋಫೈಲ್.

1925ರಲ್ಲಿ ರಸಾಯನಶಾಸ್ತ್ರಜ್ಞ ಲ್ಯಾಪ್‌ವರ್ತ್ ಇವನ್ನು ಕ್ಯಾಟಯನಾಯ್ಡ್ (ಧನ ಅಯಾನಿನಂಥದ್ದು), ಆನಯನಾಯ್ಡ್ (ಋಣ ಅಯಾನಿನಂಥದ್ದು) ಎಂದು ಕರೆದಿದ್ದರು. 1933ರಲ್ಲಿ ಇನ್ನೊಬ್ಬ ರಸಾಯನಶಾಸ್ತ್ರಜ್ಞ ಇಂಗೋಲ್ಡ್ ಈಗಿನ ಹೆಸರುಗಳನ್ನು ತಂದರು. ಒಳ್ಳೆಯದೇ ಆಯಿತು, ಅಮೋನಿಯಕ್ಕೆ ವಿದ್ಯುದಾವೇಶವೇ ಇಲ್ಲ, ಆದರೂ ಅದು ನ್ಯೂಕ್ಲಿಯೋಫೈಲ್. 'ಫೈಲ್' ಗ್ರೀಕ್ ಮೂಲದ್ದು, ಒಲವುಳ್ಳದ್ದು ಎಂದರ್ಥ. ನನ್ನ ತಕರಾರು ಈ ಒಲವಿನದ್ದೇ.

'ಎಲೆಕ್ಟ್ರಾನ್‌ಸ್ನೇಹಿ' ಎನ್ನಲು ಮನಸ್ಸು ಒಪ್ಪುತ್ತಿಲ್ಲ. 'ಪರಿಸರಸ್ನೇಹಿ', 'ಬಳಕೆದಾರಸ್ನೇಹಿ' ಓದಿಕೊಂಡು ಬೆಳೆದ ಹುಡುಗಿಗೆ ಸ್ನೇಹಿ ಎಂದರೆ ತೊಂದರೆ ಕೊಡದ್ದು. ಎಲೆಕ್ಟ್ರೋಫೈಲ್ ಅಷ್ಟು ಸಾಧುವೇ? ನೈಟ್ರೋನಿಯಂ ಅಯಾನು ಬೆಂಜೀನಿನ ಉಂಗುರಕ್ಕೆ ಎರಗಿ ಅಲ್ಲಿನ ಎಲೆಕ್ಟ್ರಾನ್ ಜೋಡಿಗೇ ಕೈಹಾಕುತ್ತದೆ.

'ಪ್ರಿಯ' ವಾಸಿ. ಭೋಜನಪ್ರಿಯನು ಅನ್ನದ ಗೆಳೆಯನಲ್ಲ, ಉಣ್ಣುವವನು. ಆದರೆ ಇಲ್ಲೊಂದು ಸಮಾಸದ ತೊಡಕಿದೆ. ಭೋಜನಪ್ರಿಯ ಎಂದರೆ ಭೋಜನವು ಯಾರಿಗೆ ಪ್ರಿಯವೋ ಅವನು. ಜನಪ್ರಿಯ ಎಂದರೆ ಜನರಿಗೆ ಪ್ರಿಯನಾದವನು. ಒಂದು ಬಹುವ್ರೀಹಿ, ಇನ್ನೊಂದು ತತ್ಪುರುಷ. 'ಎಲೆಕ್ಟ್ರಾನ್‌ಪ್ರಿಯ'ವನ್ನು ವಿದ್ಯಾರ್ಥಿ ಜನಪ್ರಿಯದ ಜಾಡಿನಲ್ಲಿ ಬಿಡಿಸಿದರೆ ಅರ್ಥ ತಲೆಕೆಳಗಾಗುತ್ತದೆ. (ತಲೆಕೆಳಗಾದರೂ ರಸಾಯನಶಾಸ್ತ್ರ ಅಷ್ಟೇನೂ ಕೆಡುವುದಿಲ್ಲ ಎಂಬುದು ತಮಾಷೆ.) ಹಾಗಾಗಿ 'ಎಲೆಕ್ಟ್ರಾನ್ ಆಕಾಂಕ್ಷಿ' ಎಂದರೆ ಹೇಗೆ? ಚುನಾವಣೆಯ ಹೊತ್ತಿನ 'ಟಿಕೆಟ್ ಆಕಾಂಕ್ಷಿ'ಗಳನ್ನು ಕಂಡವರಿಗೆ ಕೊರತೆ, ಹಪಾಹಪಿ ಎರಡೂ ತಟ್ಟನೆ ಹೊಳೆಯುತ್ತವೆ.

ನ್ಯೂಕ್ಲಿಯೋಫೈಲ್ ಇನ್ನೂ ಕಷ್ಟ. ಬೈಜಿಕ ವಿದ್ಯುತ್ತಿನ ದಾರಿ ಹಿಡಿದು, ನ್ಯೂಕ್ಲಿಯಸ್ಸನ್ನು ಬೀಜವೆಂದುಕೊಂಡು 'ಬೀಜಪ್ರಿಯ' ಎಂದರೆ ಅಳಿಲು ನೆನಪಾಗುತ್ತದೆ. 'ಎಲೆಕ್ಟ್ರಾನ್ ದಾನಿ' ಎನ್ನೋಣವೆಂದರೆ ಪ್ರತ್ಯಾಮ್ಲವೂ (ಬೇಸ್) ದಾನಿಯೇ. ಎರಡನ್ನೂ ಒಂದೇ ಮಾಡುವಂತಿಲ್ಲ: ಅಯೋಡೈಡ್ ದುರ್ಬಲ ಪ್ರತ್ಯಾಮ್ಲ, ಆದರೆ ಬ್ರೋಮೋಮೀಥೇನಿನಿಂದ ಬ್ರೋಮೈಡನ್ನು ಹೊರದಬ್ಬುವುದರಲ್ಲಿ ಬಲು ಚುರುಕು. ಸದ್ಯಕ್ಕೆ 'ನ್ಯೂಕ್ಲಿಯಸ್ ಆಕಾಂಕ್ಷಿ' ಎಂದು ಬರೆದಿಟ್ಟಿದ್ದೇನೆ. ಆದರೆ ಕೈಯಲ್ಲಿ ಎಲೆಕ್ಟ್ರಾನ್ ಜೋಡಿ ಇಟ್ಟುಕೊಂಡು ಕೊಡಲು ಹೊರಟದ್ದನ್ನು ಆಕಾಂಕ್ಷಿ ಎನ್ನುವುದು ಕಿವಿಗೆ ಒಗ್ಗುತ್ತಿಲ್ಲ.

ಕನ್ನಡದಲ್ಲಿ ಪಾಠ ಹೇಳುವವರು ಇಲ್ಲಿದ್ದೀರಲ್ಲ, ಕರಿಹಲಗೆಯ ಮುಂದೆ ನಿಂತಾಗ ಇದಕ್ಕೆ ಏನೆನ್ನುತ್ತೀರಿ?