ಇಟಾಲಿಯನ್ ಹೋಟೆಲಲ್ಲಿ ನಮ್ಮ ಯಜಮಾನರಿಗೆ ಏನು ತಿನ್ನಿಸಲಿ?

ಗಂಗಾವತಿ ಅತ್ತೆ:
ನಾವು ಗಂಗಾವತಿಯವರು. ಸದ್ಯ ನ್ಯೂಜೆರ್ಸಿಯಲ್ಲಿ ಮಗನ ಮನೆಯಲ್ಲಿದ್ದೇವೆ. ಶನಿವಾರ ಸೊಸೆಯ ಹುಟ್ಟುಹಬ್ಬ. ಅವಳ ಆಫೀಸಿನವರೂ ಸೇರಿ ಇಟಾಲಿಯನ್ ಹೋಟೆಲಿಗೆ ಹೋಗುವುದಂತೆ. ಅಲ್ಲಿ ದೊಡ್ಡ ದೊಡ್ಡ ತಟ್ಟೆ ತಂದು ಟೇಬಲ್ ನಡುವೆ ಇಡುತ್ತಾರಂತೆ, ಎಲ್ಲರೂ ಅದರಲ್ಲೇ ಬಡಿಸಿಕೊಳ್ಳಬೇಕಂತೆ. ನಮ್ಮ ಯಜಮಾನರು ಮೊಟ್ಟೆಯನ್ನೂ ಮುಟ್ಟುವವರಲ್ಲ. "ಹೊಟ್ಟೆ ಸರಿಯಿಲ್ಲ ಅಂತ ಹೇಳಿಬಿಡು" ಎಂದು ಈಗಲೇ ರಾಗ ತೆಗೆದಿದ್ದಾರೆ. ಬ್ಯಾಗಲ್ಲಿ ಎರಡು ಕಟಿ ರೊಟ್ಟಿ ಇಟ್ಟುಕೊಳ್ಳೋಣ ಅಂದರೆ ಮಗ ಕಣ್ಣು ಬಿಡುತ್ತಾನೆ. ಏನು ಹೇಳಿದರೆ ನೆಮ್ಮದಿಯಾಗಿ ಉಂಡಾರು? ಪಿಜ್ಜಾ ಮಾತ್ರ ಹೇಳಬೇಡಿ. ಹೊಸಪೇಟೆಯಲ್ಲೇ ತಿಂದು ಸಾಕು ಅಂದಿದ್ದಾರೆ.

ಸಿಂಧನೂರಿನವ, ಷಿಕಾಗೊ:
ಅಮ್ಮಾ, ಪೆನ್ನೆ ಅರಬಿಯಾಟಾ ಹೇಳಿ, ಅಂದರೆ ಖಾರದ ಕೆಂಪು ಸಾಸಿನ ಕೊಳವೆ ಪಾಸ್ತಾ. ಟೊಮೆಟೊ, ಬೆಳ್ಳುಳ್ಳಿ, ಒಣಮೆಣಸಿನಕಾಯಿ, ಎಣ್ಣೆ, ಅಷ್ಟೇ. ಒಣ ಪಾಸ್ತಾ ಗೋಧಿ ರವೆ ಮತ್ತು ನೀರಿನದು. ಹೋಟೆಲಲ್ಲೇ ಕಲಸಿದ ತಾಜಾ ಪಾಸ್ತಾದಲ್ಲಿ ಸಾಮಾನ್ಯವಾಗಿ ಮೊಟ್ಟೆ ಇರುತ್ತದೆ, ಅದು ಬೇಡ.

ಮೆನುವಿನಲ್ಲಿ ಮಾಂಸದ ಹೆಸರಿಲ್ಲ ಅಂದ ಮಾತ್ರಕ್ಕೆ ನಂಬಬೇಡಿ. ಮಿನೆಸ್ಟ್ರೋನೆ ತರಕಾರಿ ಸೂಪೇ, ಆದರೆ ಎಷ್ಟೋ ಕಡೆ ಮಾಂಸ ಬೇಯಿಸಿದ ನೀರಲ್ಲಿ ಮಾಡುತ್ತಾರೆ. ರಿಸೊಟ್ಟೊ ಅನ್ನುವ ಅನ್ನದ ಅಡುಗೆಗೆ ಕೋಳಿ ಸಾರು ಹಾಕುವುದೂ ಮಾಮೂಲು. ಸೀಸರ್ ಸಲಾಡಿನ ಡ್ರೆಸಿಂಗಲ್ಲಿ ಸಣ್ಣ ಮೀನು ಅರೆದಿರುತ್ತಾರೆ. ಇನ್ನು ಚೀಸ್. ಇಟಲಿಯ ಅಸಲಿ ಪಾರ್ಮಿಜಾನೊ ರೆಜ್ಜಾನೊಗೆ ಹಾಲು ಒಡೆಯಲು ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್ ಹಾಕುತ್ತಾರೆ. ಅವರ ನಿಯಮವೇ ಹಾಗಿದೆ. ಹಸಿರು ಪೆಸ್ಟೊ ಸಾಸಲ್ಲೂ ಸಾಮಾನ್ಯವಾಗಿ ಇಂಥ ಚೀಸ್ ಇರುತ್ತದೆ. ತಟ್ಟೆ ಬಂದ ತಕ್ಷಣ ವೇಟರ್ ತುರಿಮಣೆ ಹಿಡಿದು ಪಕ್ಕದಲ್ಲೇ ನಿಂತಿರುತ್ತಾನೆ. ನೀವು ಬೇಡ ಅನ್ನುವಷ್ಟರಲ್ಲಿ ಅರ್ಧ ಉದುರಿಸಿರುತ್ತಾನೆ! ಆರ್ಡರ್ ಕೊಡುವಾಗಲೇ ಹೇಳಿಬಿಡಿ.

ಎಲ್ಲಕ್ಕಿಂತ ದೊಡ್ಡ ತಲೆನೋವು ಚಮಚ. ಮಾಂಸದ ಉಂಡೆ ಬಡಿಸಿದ ಚಮಚವನ್ನೇ ಯಾರಾದರೂ ಮಾತಾಡುತ್ತಾ ನಿಮ್ಮ ಪಾಸ್ತಾಗೆ ಹಾಕುತ್ತಾರೆ. ಅವರ ತಪ್ಪೇನಿಲ್ಲ, ಗೊತ್ತಿರುವುದಿಲ್ಲ. ಅದಕ್ಕೇ ಯಜಮಾನರನ್ನು ಟೇಬಲ್ ತುದಿಯಲ್ಲಿ ಕೂರಿಸಿ, ಅವರ ತಟ್ಟೆ ಅವರ ಮುಂದೆಯೇ ಇರಲಿ, ನಡುವೆ ಬೇಡ. ಮಗ ಇವತ್ತೇ ಫೋನ್ ಮಾಡಿ ಹೇಳಲಿ. ಅಲರ್ಜಿ ಅಂತ ಸುಳ್ಳು ಹೇಳುವುದು ನನಗೆ ಸರಿ ಕಾಣುವುದಿಲ್ಲ. ಇದ್ದದ್ದು ಹೇಳಿದರೂ ಮಾಡಿಕೊಡುತ್ತಾರೆ.

ಬಳ್ಳಾರಿ ಮಿರ್ಚಿ:
ಬದನೆಕಾಯಿ ಕಂಡು ಎಣ್ಣೆಗಾಯಿ ನೆನಪಾಗಿ ಹಿಗ್ಗಬೇಡಿ ಅಕ್ಕಾರೆ. ಅಮೆರಿಕದಲ್ಲಿ ಅದನ್ನು ಹೆಚ್ಚಾಗಿ ಮೊಟ್ಟೆಯಲ್ಲಿ ಅದ್ದಿ ಕರಿಯುತ್ತಾರೆ, ಮೇಲೆ ಚೀಸ್ ಬೇರೆ. ಸಿಹಿಯಲ್ಲೂ ತಿರಾಮಿಸು ಅಂದರೆ ಮೊಟ್ಟೆ, ಪನ್ನಾ ಕೋಟಾ ಅಂದರೆ ಜೆಲಟಿನ್, ಪ್ರಾಣಿಗಳ ಚರ್ಮ, ಮೂಳೆಯಿಂದ ತೆಗೆದದ್ದು. ನಿಂಬೆ ಸೋರ್ಬೆ, ಅಂದರೆ ನಿಂಬೆರಸದ ಐಸು, ಕೇಳಿ ನೋಡಿ. ಖಾರ ಸಾಲದಿದ್ದರೆ ಮೆಣಸಿನಕಾಯಿ ಚೂರು ಕೊಡುತ್ತಾರೆ. ನಮ್ಮ ಬಾಯಿಗೆ ಅದು ಖಾರವೇ ಅಲ್ಲ ಬಿಡಿ.

ರಾಯಚೂರು ಮಾವ:
ಇಷ್ಟೆಲ್ಲ ಯಾಕೆ? ಮನೆಯಲ್ಲೇ ಒಂದು ರೊಟ್ಟಿ ತಿನ್ನಿಸಿ ಕರೆದುಕೊಂಡು ಹೋಗಿ. ಅಲ್ಲಿ ಬ್ರೆಡ್ಡು, ಆಲಿವ್ ಎಣ್ಣೆ ಮುಂದಿಟ್ಟುಕೊಂಡು ಸುಮ್ನೆ ಕೂತರಾಯಿತು. ಶೇಂಗಾ ಚಟ್ನಿಪುಡಿಯ ಪೊಟ್ಟಣ ಜೇಬಲ್ಲಿರಲಿ, ಮಗನಿಗೆ ಹೇಳಬೇಡಿ. ಮತ್ತೊಂದು ಮಾತು, ಗುಂಪು ದೊಡ್ಡದಿದ್ದರೆ ಎಷ್ಟೋ ಹೋಟೆಲಲ್ಲಿ ಶೇ 18ರಿಂದ 20 ಟಿಪ್ ಬಿಲ್ಲಿಗೇ ಸೇರಿಸಿರುತ್ತಾರೆ. ನೋಡದೆ ಎರಡು ಸಲ ಕೊಟ್ಟುಬಿಟ್ಟೀರಿ.

ಗಂಗಾವತಿ ಅತ್ತೆ:
ಮಗ ಫೋನ್ ಮಾಡಿದ. ಒಣ ಪಾಸ್ತಾ, ಕೆಂಪು ಸಾಸ್, ಚೀಸ್ ಇಲ್ಲದೆ ಬೇರೆ ಪಾತ್ರೆಯಲ್ಲೇ ಮಾಡಿಕೊಡುತ್ತಾರಂತೆ. ಆದರೆ ಒಂದು ತಟ್ಟೆ ಮೂವರಿಗಾಗುವಷ್ಟು ಇರುತ್ತದಂತೆ. ನಾನೂ ಅದನ್ನೇ ತಿಂದರೂ ಉಳಿಯುತ್ತದೆ. ಮನೆಗೆ ತರಬಹುದಾ? ಸೊಸೆಯ ಆಫೀಸಿನವರ ಮುಂದೆ ಕೇಳಿದರೆ ಚೆನ್ನಾಗಿರುತ್ತಾ?

ಸಿಂಧನೂರಿನವ, ಷಿಕಾಗೊ:
ಧಾರಾಳವಾಗಿ ಕೇಳಿ ಅಮ್ಮಾ, ಡಬ್ಬಿ ಅವರೇ ಕೊಡುತ್ತಾರೆ. ಆಫೀಸಿನವರೂ ಒಯ್ಯುತ್ತಾರೆ ನೋಡಿ. ಭಾನುವಾರ ಬೆಳಿಗ್ಗೆ ಸಾಸಿವೆ, ಕರಿಬೇವು, ಹಸಿಮೆಣಸಿನಕಾಯಿ ಒಗ್ಗರಣೆ ಕೊಟ್ಟು ಬಿಸಿ ಮಾಡಿ. ಯಜಮಾನರು ಇನ್ನೊಂದು ಸಲ ಹಾಕಿಸಿಕೊಳ್ಳುತ್ತಾರೆ.