ಅಪ್‌ಡೇಟ್: ಮೊಬೈಲ್‌ಗೆ ಫ್ರೀ ಆಫೀಸ್ ಆ್ಯಪ್ ಯಾವ್ದು ಅಂತ ಕೇಳಿದ್ನಲ್ಲ, ಕೊನೆಗೆ ಸಿಕ್ತು

ಹೋದ್ವಾರ ಕೇಳಿದ್ದೆ, ಅಪ್ಪನ ಸಂಘದ ನಡಾವಳಿ ವರ್ಡ್ ಫೈಲ್‌ಗಳನ್ನ ಫೋನಲ್ಲೇ ತಿದ್ಬೇಕು, ದುಡ್ಡು ಕೊಡೋಕಾಗಲ್ಲ, ನೆಟ್ಟೂ ಸರಿಯಾಗಿ ಸಿಗಲ್ಲ ಅಂತ. ಎಲ್ರಿಗೂ ಥ್ಯಾಂಕ್ಸ್.

ಮೊದ್ಲು ಒಬ್ರು ಹೇಳಿದ ಆ್ಯಪ್ ಹಾಕ್ದೆ, ಹೆಸ್ರು ಬೇಡ ಬಿಡಿ, ಎರಡು ಸಾಲು ಟೈಪ್ ಮಾಡೋಷ್ಟರಲ್ಲಿ ಒಂದು ಜಾಹೀರಾತು, ಅದೇ ದಿನ ತೆಗ್ದೆ. ಗೂಗಲ್ ಡಾಕ್ಸ್ ಚೆನ್ನಾಗಿದೆ, ಆದ್ರೆ ಆಫ್‌ಲೈನ್ ಬೇಕು ಅಂದ್ರೆ ಮೊದ್ಲೇ ನೆಟ್ ಇರುವಾಗ ಫೈಲ್‌ಗೆ ಆ ಆಪ್ಷನ್ ಆನ್ ಮಾಡಿಡ್ಬೇಕು, ಅಪ್ಪಂಗೆ ಅದು ನೆನಪಿರಲ್ಲ. ಕೊನೆಗೆ ಕೈ ಹಿಡಿದಿದ್ದು ಕೊಲಾಬೊರಾ ಆಫೀಸ್, ಲಿಬ್ರೆಆಫೀಸ್ ಅನ್ನೋ ಫ್ರೀ ಆಫೀಸ್ ಸಾಫ್ಟ್‌ವೇರ್ ಮೇಲೆ ಕಟ್ಟಿರೋದು, ಫೈಲ್ ಫೋನಲ್ಲೇ ಇರುತ್ತೆ, ಜಾಹೀರಾತಿಲ್ಲ. ಸಣ್ಣ ಸ್ಕ್ರೀನಲ್ಲಿ ಟೇಬಲ್ ತಿದ್ದೋದು ಮಾತ್ರ ಸ್ವಲ್ಪ ಕಿರಿಕಿರಿ.

ಆದ್ರೆ ನಿಜವಾದ ತಲೆನೋವು ಬೇರೇನೇ ಇತ್ತು ಮಾರಾಯ್ರೆ! ಹಳೇ ಫೈಲ್‌ಗಳು ಯಾವ ಆ್ಯಪಲ್ಲಿ ತೆಗೆದ್ರೂ ಕನ್ನಡದ ಬದ್ಲು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ. ಆ್ಯಪ್‌ಗಳನ್ನ ಸುಮ್ನೆ ಬೈದೆ. ಅವೆಲ್ಲ ನುಡಿ ಅನ್ನೋ ಕನ್ನಡ ಟೈಪಿಂಗ್ ಸಾಫ್ಟ್‌ವೇರಿನ ಹಳೇ ಆಸ್ಕಿ ಫಾಂಟಲ್ಲಿ (ಇಂಗ್ಲಿಷ್ ಅಕ್ಷರದ ಕೋಡ್‌ಗೇ ಕನ್ನಡದ ಆಕಾರ ಕೊಟ್ಟಿರೋ ಫಾಂಟ್) ಟೈಪ್ ಮಾಡಿದ್ದಂತೆ, ಆ ಫಾಂಟ್ ಇಲ್ದಿದ್ರೆ ಹಂಗೇ ಕಾಣೋದು. ಆಸ್ಕಿಯಿಂದ ಯೂನಿಕೋಡ್‌ಗೆ (ಈಗಿನ ಫೋನ್‌ಗಳು ಕನ್ನಡಕ್ಕೆ ಬಳಸೋ ಕೋಡ್) ಬದಲಾಯಿಸೋ ಕನ್ವರ್ಟರ್‌ಗೆ ಹಾಕಿದ್ಮೇಲೆ ಸರಿಹೋಯ್ತು, ಒಂದೆರಡು ಒತ್ತಕ್ಷರ ಕೈಯಲ್ಲಿ ತಿದ್ಬೇಕಾಯ್ತು ಅಷ್ಟೇ. ಕನ್ವರ್ಟ್ ಮಾಡೋ ಮುಂಚೆ ಹಳೇದರ ಕಾಪಿ ಇಟ್ಕೊಳ್ಳಿ.